ಇಬ್ಬರಿಗೆ ಐದು ಕೌದಿ

ಮಾಕಳಿ
೧೦ ಡಿಸೆಂಬರ್ ೨೦೨೪

ಪ್ರೀತಿಯ ಅತ್ತೆಯವರಿಗೆ ಮೇಘಾಳ ನಮಸ್ಕಾರಗಳು.

ಕೈಯಲ್ಲಿ ಫೋನ್ ಇಟ್ಟುಕೊಂಡು ಈ ಹುಡುಗಿ ಕಾಗದ ಯಾಕೆ ಬರೆಯುತ್ತಿದ್ದಾಳೆ ಎಂದು ನಿಮಗೆ ಅನ್ನಿಸಬಹುದು. ಫೋನ್ ಮಾಡಿದರೆ ಮಾವನವರು ಸ್ಪೀಕರ್ ಹಾಕುತ್ತಾರೆ. ಹೋದ ಸಲ ನನ್ನ ಹಲ್ಲುನೋವಿನ ಸಂಗತಿ ಅವರ ಬೀಜದ ಅಂಗಡಿಗೆ ಬಂದಿದ್ದವರಿಗೆಲ್ಲ ಗೊತ್ತಾಗಿ, ಯಾರೋ ಹಿರಿಯರು ಅಲ್ಲಿಂದಲೇ "ಲವಂಗ ಇಡ್ರಿ ತಂಗಿ" ಎಂದು ಕೂಗಿದರು. ಲವಂಗ ಕೆಲಸ ಮಾಡಿತು, ಆ ಮಾತು ಬೇರೆ. ಆದರೆ ಎಲ್ಲವನ್ನೂ ರಾಣೆಬೆನ್ನೂರಿನ ಸಂತೆಗೆ ಹೇಳಲಾಗುವುದಿಲ್ಲವಲ್ಲ.

ಈಗ ಒಂದು ಬೇಡಿಕೆ. ನಾವು ದೀಪಾವಳಿಗೆ ಬಂದಾಗ ಹೊದೆಯಲು ನೀವೇ ಹೊಲಿದ ಒಂದು ಕೌದಿ ಕೊಟ್ಟಿರಿ. ಹಳೆಯ ಸೀರೆಗಳ ಅಷ್ಟೊಂದು ಪದರ, ಅಷ್ಟು ಸಣ್ಣ ಹೊಲಿಗೆ. ಅಂಥವೇ ಇನ್ನೆರಡು ಸಿಗಬಹುದೇ? ಇಲ್ಲಿ ಈ ವರ್ಷ ಚಳಿ ವಿಪರೀತ. ತುಮಕೂರು ರಸ್ತೆಯ ಲಾರಿಗಳು ಕೂಡ ನಡುಗುತ್ತಾ ಹೋಗುತ್ತಿವೆ. ಬಣ್ಣ ಹೇಗಿದ್ದರೂ ನಡೆಯುತ್ತದೆ. ದಪ್ಪ ಇದ್ದಷ್ಟೂ ಒಳ್ಳೆಯದು.

ಈರೇಶ್ ಆರೋಗ್ಯವಾಗಿದ್ದಾರೆ. ಪೀಣ್ಯದ ಪಂಪ್ ಫ್ಯಾಕ್ಟರಿಯಲ್ಲಿ ಅವರಿಗೆ ಬಿಡುವಿಲ್ಲ. ನನ್ನ ಆಫೀಸೂ ಎಂದಿನ ಹಾಗೇ ಇದೆ.

ನಿಮ್ಮ ಸೊಸೆ,
ಮೇಘಾ

---

ರಾಣೆಬೆನ್ನೂರು
೨೧ ಡಿಸೆಂಬರ್ ೨೦೨೪

ಚಿ. ಸೌ. ಮೇಘಾಳಿಗೆ ಅತ್ತೆಯ ಆಶೀರ್ವಾದಗಳು.

ನಿನ್ನ ಪತ್ರ ಬಂತು. ಈ ಮನೆಗೆ ಕೈಬರಹದ ಪತ್ರ ಬಂದು ಎಷ್ಟು ವರ್ಷವಾಯಿತೋ. ನಿನ್ನ ಮಾವ ಕೋರ್ಟಿನ ನೋಟಿಸು ಎಂದು ತಿಳಿದು ಕನ್ನಡಕ ಹುಡುಕಿದರು. ನನ್ನ ಹೆಸರು ಕಂಡ ಮೇಲೆ ಇನ್ನೂ ಗಾಬರಿಯಾದರು.

ಪತ್ರ ಬರೆಯುವಾಗ ಪುಸ್ತಕದ ಭಾಷೆಯಲ್ಲಿ ಬರೆಯಬೇಕು ಎಂದು ನಮ್ಮ ಶಾಲೆಯ ಅಕ್ಕೋರು ಕೈಗೆ ಹೊಡೆದು ಕಲಿಸಿದ್ದರು. ಆದ್ದರಿಂದ ಓದುವಾಗ ಇದು ನಮ್ಮ ಅತ್ತೆಯಲ್ಲ, ಯಾರೋ ಬೇರೆಯವರು ಎಂದು ಅನ್ನಿಸಿದರೆ ತಪ್ಪು ತಿಳಿಯಬೇಡ.

ಎರಡು ಕೌದಿ ಬಸ್ ಪಾರ್ಸಲ್ಲಿಗೆ ಹಾಕಿದ್ದೇನೆ. ಹಸಿರು ಅಂಚಿನದು ನನ್ನದು, ಇನ್ನೊಂದು ನಮ್ಮ ಹೊಲಿಗೆ ತರಗತಿಯ ಚನ್ನಕ್ಕನದು. ಸೊಸೆ ಕೇಳಿದ್ದಾಳೆ ಎಂದು ತರಗತಿಯಲ್ಲಿ ಹೇಳಿದಾಗ ಚನ್ನಕ್ಕ ನಂಬಲಿಲ್ಲ. "ಸುಳ್ಳ ಹೇಳಬ್ಯಾಡ್ರಿ. ಬೆಂಗಳೂರಾಗ ಇರೋರು ಆ ಹತ್ತಿ ಉಬ್ಬಿದ ರಜಾಯಿ ಹೊದ್ಕೋತಾರ" ಎಂದಳು. ನಿನ್ನ ಪತ್ರವನ್ನು ಎಲ್ಲರ ಮುಂದೆ ಓದಿ ತೋರಿಸಿದೆ. ತರಗತಿಯ ಮಾರಕ್ಕ, ತಾನು ಹೊಲಿದುಕೊಟ್ಟ ಕೌದಿಯನ್ನು ತನ್ನ ಮಗಳು ಕಾರು ಒರೆಸಲು ಹರಿದಳು ಎಂದು ಹೇಳಿದಳು.

ಕಾಲಿಗೆ ಸಾಕ್ಸ್ ಹಾಕಿಕೊಂಡು ಮಲಗು.

ನಿನ್ನ ಅತ್ತೆ,
ಸಿದ್ದಮ್ಮ

---

ಮಾಕಳಿ
೨ ಮಾರ್ಚ್ ೨೦೨೫

ಪ್ರೀತಿಯ ಅತ್ತೆಯವರಿಗೆ,

ಕೌದಿ ತಲುಪಿದ್ದಕ್ಕೆ ಆಗಲೇ ಮೆಸೇಜು ಕಳಿಸಿದ್ದೆ. ಕಾಗದ ಬರೆಯಲು ಇಷ್ಟು ತಡವಾಯಿತು, ಕ್ಷಮಿಸಿ. ತುಂಬಾ ಉಪಯೋಗಕ್ಕೆ ಬಂದವು.

ಕೇಳಲು ಸಂಕೋಚವಾಗುತ್ತಿದೆ. ಇನ್ನೆರಡು ಬೇಕಿತ್ತು. ಒಂದು ಉದ್ದ ಕಡಿಮೆ ಇದ್ದರೂ ಪರವಾಗಿಲ್ಲ, ಆದರೆ ಭಾರವಾಗಿರಲಿ. ಸೀರೆಯ ಜೊತೆ ಹಳೆಯ ಜೀನ್ಸ್ ಸೇರಿಸಿ ಹೊಲಿದರೂ ಆದೀತು. ಇನ್ನೊಂದಕ್ಕೆ ನಡುಮಧ್ಯದಲ್ಲಿ ಅಂಗೈ ಅಗಲದ ಒಂದು ತೂತು ಇರಬೇಕು. ತೂತಿನ ಅಂಚು ಬಿಚ್ಚಿಕೊಳ್ಳದ ಹಾಗೆ ಕಟ್ಟಿಸಿಕೊಡಿ.

ಇಲ್ಲಿ ಇನ್ನೂ ಚಳಿ ಇದೆ.

ನಿಮ್ಮ ಸೊಸೆ,
ಮೇಘಾ

---

ರಾಣೆಬೆನ್ನೂರು
೯ ಮಾರ್ಚ್ ೨೦೨೫

ಚಿ. ಸೌ. ಮೇಘಾಳಿಗೆ ಆಶೀರ್ವಾದಗಳು.

ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೋಗುತ್ತದೆ ಎನ್ನುತ್ತಾರೆ. ನಿಮ್ಮ ಮಾಕಳಿಗೆ ಶಿವರಾತ್ರಿ ಬಂದಿಲ್ಲವೆಂದು ಕಾಣುತ್ತದೆ. ಇಲ್ಲಿ ನಾವು ಫ್ಯಾನಿನ ಕೆಳಗೆ ಕುಳಿತು ಮೊದಲೇ ಅರ್ಧ ಹೊಲಿದಿಟ್ಟಿದ್ದ ಎರಡು ಕೌದಿಗಳನ್ನು ನಿನಗಾಗಿ ಮುಗಿಸಿದೆವು. ತೂತು ಯಾಕೆ ಎಂದು ಚನ್ನಕ್ಕ ಕೇಳಿದಳು. ಉಸಿರಾಡಲು ಎಂದೆ. ಮತ್ತೇನು ಹೇಳಲಿ?

ಕಳಿಸುವ ಮೊದಲು ನಾನು ಲೆಕ್ಕ ಹಾಕಿದೆ. ಇಬ್ಬರಿಗೆ ಐದು ಕೌದಿ. ಒಂದೇ ಕಡೆ ಮಲಗುವವರಿಗೆ ಇಷ್ಟು ಬೇಕಾಗುವುದಿಲ್ಲ.

ನಾನು ಬಾಯಿ ಬಿಡಬಾರದೆಂದೇ ಇದ್ದೆ. ಆದರೆ ಹೋದ ಭಾನುವಾರ ಬೆಳಗ್ಗೆ ಈರೇಶನಿಗೆ ಫೋನ್ ಮಾಡಿದೆ. "ಇನ್ನೂ ಎದ್ದಿಲ್ಲವ್ವ, ಹಾಲ್‌ನಾಗ ಮಲಗೀನಿ" ಎಂದ. "ಹಾಲ್‌ನಾಗ ಯಾಕೋ?" ಎಂದೆ. "ಬೆಡ್‌ರೂಮಿನಾಗ ಏನೂ ಮುಟ್ಟಬ್ಯಾಡ ಅಂದಾಳ" ಎಂದ. ನಿನ್ನ ಮಾವ ಸ್ಪೀಕರ್ ಹಾಕಿದ್ದರು. ಅಂಗಡಿಯಲ್ಲಿ ಮೆಣಸಿನ ಬೀಜ ಕೊಳ್ಳಲು ಬಂದ ನಾಲ್ಕು ಜನ ತಲೆ ತಗ್ಗಿಸಿದರು.

ಮೇಘಾ, ನಮ್ಮ ಮದುವೆಯಾದ ವರ್ಷ ನಿನ್ನ ಮಾವ ಬೀಗರ ಮುಂದೆ ನನ್ನ ರೊಟ್ಟಿ ದಪ್ಪ ಎಂದರು. ನಾನು ಎರಡು ದಿನ ಮಾತು ಬಿಟ್ಟೆ. ಅವರು ಹಾಸಿಗೆ ಸುತ್ತಿಕೊಂಡು ಮಾಳಿಗೆ ಏರಿದರು. ಅವರು ಮಲಗಿದ ಮೇಲೆ ನಾನು ಹೋಗಿ ಏಣಿ ತೆಗೆದುಬಿಟ್ಟೆ. ಬೆಳಗಾದಾಗ ಓಣಿಯವರೆಲ್ಲ ಕೆಳಗೆ ನಿಂತು ನೋಡುತ್ತಿದ್ದರು. "ಏಣಿ ಕೊಡ" ಎಂದರು. "ರೊಟ್ಟಿ ತೆಳ್ಳಗದಾವ ಅನ್ರಿ" ಎಂದೆ. ಓಣಿಗೆಲ್ಲ ಕೇಳುವ ಹಾಗೆ ಅಂದರು. ಅಂದಿನಿಂದ ಇಂದಿನವರೆಗೂ ತೆಳ್ಳಗಿವೆ.

ಜಗಳ ಆಡು. ಆಡಬೇಡ ಎನ್ನುವುದಿಲ್ಲ. ಏಣಿ ಎಲ್ಲಿಟ್ಟಿದ್ದೀಯೆ ಎಂಬುದು ಮಾತ್ರ ನೆನಪಿರಲಿ. ತಪ್ಪು ನನ್ನ ಮಗನದಾದರೆ ನನಗೆ ಬರೆ. ಬಂದು ನೋಡಿಕೊಳ್ಳುತ್ತೇನೆ.

ನಿನ್ನ ಅತ್ತೆ,
ಸಿದ್ದಮ್ಮ

---

ಮಾಕಳಿ
೧೪ ಮಾರ್ಚ್ ೨೦೨೫

ಅತ್ತೆ,

ನಿಮ್ಮ ಪತ್ರವನ್ನು ಇಬ್ಬರೂ ಕೂಡಿ ಓದಿದೆವು. ಈರೇಶ್ ನಕ್ಕು ನಕ್ಕು ಕೆಮ್ಮು ಹತ್ತಿ ನೀರು ಕುಡಿದರು. ನನಗೆ ನಗು ಬರಲಿಲ್ಲ.

ನಮ್ಮ ನಡುವೆ ಜಗಳವಿಲ್ಲ. ನಾವಿಬ್ಬರೂ ಹಾಲ್‌ನಲ್ಲೇ ಮಲಗುತ್ತೇವೆ. ಆ ಮಾತನ್ನು ನಿಮ್ಮ ಮಗ ಹೇಳಲಿಲ್ಲ, ಅಷ್ಟೇ. ಬೆಡ್‌ರೂಮಿನಲ್ಲಿ ಮುಟ್ಟಬಾರದ್ದು ಒಂದು ಮೈಕು.

ಮೊದಲಿನಿಂದ ಹೇಳುತ್ತೇನೆ. ಹೋದ ಸೆಪ್ಟೆಂಬರಿನಲ್ಲಿ ನಾನು ಕೆಲಸ ಬಿಟ್ಟೆ. ವೈಟ್‌ಫೀಲ್ಡಿಗೆ ಹೋಗಿ ಬರುವಷ್ಟರಲ್ಲಿ ದಿನದ ರಸವೆಲ್ಲ ಕ್ಯಾಬಿನಲ್ಲೇ ಇಂಗಿಹೋಗುತ್ತಿತ್ತು. ಮನೆಗೆ ಬಂದರೆ ಗೋಡೆಯ ಮೇಲೆ ಗಿಟಾರು ನೇತಾಡುತ್ತಿರುತ್ತಿತ್ತು. ನೀವು ಮೊದಲ ಸಲ ಬಂದಾಗ ಅದನ್ನು ಶೋ ಪೀಸು ಎಂದಿರಿ, ನಾನು ತಿದ್ದಲಿಲ್ಲ. ಕಾಲೇಜಿನ ಐದು ವರ್ಷ ನಾನು ಅದನ್ನೇ ಬಾರಿಸಿದವಳು. ಒಂದು ವರ್ಷ ಇದನ್ನೇ ಮಾಡಿ ನೋಡುತ್ತೇನೆ ಎಂದೆ. ಈರೇಶ್ ಹೂಂ ಎಂದರು. ಏನಾದರೂ ಕೈಗೆ ಬರುವ ತನಕ ಊರಿಗೆ ಹೇಳುವುದು ಬೇಡ ಎಂದು ಇಬ್ಬರೂ ನಿರ್ಧರಿಸಿದೆವು.

ಕೈಗೆ ಒಂದು ಕೆಲಸ ಬಂತು. ಯಾಮಿನಿ ಎಂಬಾಕೆಯ ನೃತ್ಯ ತಂಡದ ಹೊಸ ಪ್ರಯೋಗಕ್ಕೆ ಪೂರ್ತಿ ಗಿಟಾರು ನನ್ನದೇ. ಆಕೆಯದು ಒಂದೇ ಷರತ್ತು. "ಕಂಪ್ಯೂಟರ್ ಸೌಂಡ್ ಬೇಡ ಮೇಘಾ, ನಿಜವಾದ ಆಂಪ್ ಬೇಕು. ಗಾಳಿ ಅಲುಗ್ಬೇಕು" ಎಂದಳು. ಆಂಪ್ ಎಂದರೆ ಗಿಟಾರಿನ ಸಣ್ಣ ಸದ್ದನ್ನು ದೊಡ್ಡದು ಮಾಡುವ ಯಂತ್ರ ಮತ್ತು ಅದರ ಸ್ಪೀಕರ್ ಪೆಟ್ಟಿಗೆ. ಜೋರಾಗಿ ಇಟ್ಟಾಗಲೇ ಅದರ ಗಂಟಲು ತೆರೆಯುವುದು. ಮೆಲ್ಲಗೆ ಇಟ್ಟರೆ ನೆಗಡಿಯಾದವರ ಹಾಗೆ ಹಾಡುತ್ತದೆ. ಜೋರಾಗಿ ಇಟ್ಟೆ. ಕೆಳಗಿನ ಮನೆಯ ಕೃಷ್ಣಸ್ವಾಮಿಯವರು ಮೇಲೆ ಬಂದರು. ಸರ್ಕಾರಿ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತರಾದವರು, ಈಗ ನಮ್ಮ ಅಪಾರ್ಟ್‌ಮೆಂಟಿನ ಕಾರ್ಯದರ್ಶಿ. ಪಂಕಜ ಅವರ ಹೆಂಡತಿ. "ಏನಮ್ಮಾ ಇದು, ನಮ್ ಪಂಕಜನ ಸ್ಟೀಲ್ ಡಬ್ಬಗಳೆಲ್ಲ ಕುಣೀತಿವೆ. ರವೆ ಡಬ್ಬ ಶೆಲ್ಫಿಂದ ಹಾರ್ಬಿಡ್ತು ಕಣಮ್ಮ. ಇನ್ನೊಂದ್ಸಲ ಹಿಂಗಾದ್ರೆ ಮೀಟಿಂಗಲ್ಲಿ ಇಡ್ತೀನಿ" ಎಂದರು.

ಅದಕ್ಕೇ ಸ್ಪೀಕರನ್ನು ಬೆಡ್‌ರೂಮಿನ ಕಪಾಟಿನೊಳಗೆ ಇಟ್ಟೆ. ಬಿಸಿಯಾಗುವ ಯಂತ್ರ ಹೊರಗೆ, ಸ್ಪೀಕರ್ ಒಳಗೆ, ಅದರ ಮುಂದೆ ಮೈಕು. ಸುತ್ತ ನಿಮ್ಮ ಕೌದಿಗಳು. ತೂತು ಇರುವುದು ವೈರು ತೂರಿಸಲು. ಮೈಕು ಸ್ಪೀಕರಿನಿಂದ ಎರಡು ಬೆರಳು ದೂರ. ನಡುವಿಗೆ ಹಿಡಿದರೆ ಸದ್ದು ಸೂಜಿಯ ಹಾಗೆ ಚುಚ್ಚುತ್ತದೆ, ಅಂಚಿಗೆ ಹಿಡಿದರೆ ಮಂಕು. ಆ ಎರಡರ ನಡುವೆ ಒಂದು ಜಾಗವಿದೆ. ಅದನ್ನು ಹುಡುಕಲು ನನಗೆ ಜನವರಿಯೆಲ್ಲ ಹಿಡಿಯಿತು. ಸಿಕ್ಕ ಮೇಲೆ ಕೆಲಸ ಮುಗಿಯುವ ತನಕ ಯಾರೂ ಆ ಕೋಣೆಯಲ್ಲಿ ಸುಳಿಯಬಾರದು ಎಂದೆ.

ಚಳಿ ಎಂದು ಸುಳ್ಳು ಹೇಳಿದೆ. ಆದರೆ ನಿಮ್ಮ ದೀಪಾವಳಿಯ ಕೌದಿಯೂ ಕಪಾಟಿಗೇ ಹೋಗಿದ್ದರಿಂದ, ಆ ಡಿಸೆಂಬರಿನಲ್ಲಿ ಇಬ್ಬರೂ ನಿಜವಾಗಿಯೂ ನಡುಗಿದೆವು.

ಕ್ಷಮಿಸುತ್ತೀರಲ್ಲವೇ?

ಮೇಘಾ

---

ಮಾಕಳಿ
೪ ಏಪ್ರಿಲ್ ೨೦೨೫

ಪ್ರೀತಿಯ ಅತ್ತೆಯವರಿಗೆ,

ಉತ್ತರ ಬರಲಿಲ್ಲ. ಯುಗಾದಿಗೆ ಪಾರ್ಸಲ್ ಬಂತು. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಹೋಳಿಗೆ. ಮೇಲೆ ದೊಡ್ಡ ಅಕ್ಷರದಲ್ಲಿ "ಈರೇಶನಿಗೆ" ಎಂದು ಬರೆದಿತ್ತು. ಕಾಗದ ಇರುತ್ತದೆಂದು ರೊಟ್ಟಿಗಳ ನಡುವೆಯೂ ಹುಡುಕಿದೆ. ಈರೇಶ್ ನನಗೆ ಹೋಳಿಗೆ ಕೊಡಲು ಬಂದರು. ನಾನು ತಿನ್ನಲಿಲ್ಲ. ಆಮೇಲೆ ತಿಂದೆ. ತುಪ್ಪ ಹಾಕಿಕೊಂಡೇ ತಿಂದೆ.

ನೀವು ಬರೆಯದಿದ್ದರೂ ಇಲ್ಲಿಯ ಸುದ್ದಿ ಬರೆಯುತ್ತೇನೆ.

ಈರೇಶ್ ಅವರ ಅಂಗಿಗಳು ಆ ಕಪಾಟಿನ ಮೇಲಿನ ಅರೆಯಲ್ಲೇ ಇದ್ದವು. ಎರಡೇ ಅಂಗಿಯಲ್ಲಿ ಅವರು ಎಷ್ಟೋ ದಿನ ಫ್ಯಾಕ್ಟರಿಗೆ ಹೋದರು. ಕೊನೆಗೆ ಮ್ಯಾನೇಜರು "ಮನೇಲಿ ಎಲ್ಲಾ ಸರಿಯಿದೆಯೇನ್ರೀ?" ಎಂದು ಕೇಳಿದ ದಿನ, ನಾನು ಸ್ನಾನಕ್ಕೆ ಹೋದಾಗ ಮೆಲ್ಲಗೆ ಕಪಾಟು ತೆರೆದು ಒಂದು ನೀಲಿ ಅಂಗಿ ಎಳೆದರು. ಹ್ಯಾಂಗರು ಮೈಕಿಗೆ ತಾಗಿತು. ನನಗೆ ಹೇಳಲಿಲ್ಲ. ನಾನು ಹೆಡ್‌ಫೋನ್ ಹಾಕಿಕೊಂಡು ಬಾರಿಸಿದರೆ ನನ್ನ ಗಿಟಾರು ಗಂಟಲು ಕಟ್ಟಿದ ಹಾಗೆ ಕೇಳಿತು. ತಂತಿ ಬದಲಿಸಿದೆ, ವೈರು ಬದಲಿಸಿದೆ, ಯಂತ್ರ ಕೆಟ್ಟಿತೆಂದು ಅತ್ತುಬಿಟ್ಟೆ. ಸಂಜೆ ಅವರು ನೀಲಿ ಅಂಗಿಯಲ್ಲಿ ಒಳಗೆ ಬಂದರು. ಅವತ್ತು ನಾವು ನಿಜವಾಗಿಯೂ ಜಗಳವಾಡಿದೆವು ಅತ್ತೆ. ನಿಮ್ಮ ಊಹೆ ತಡವಾಗಿಯಾದರೂ ಫಲಿಸಿತು. ಮರುದಿನ ಅವರು ರಜಾ ಹಾಕಿ, ನಾನು ಹೇಳಿದ ಹಾಗೆ ಮೈಕನ್ನು ಕೂದಲೆಳೆಯಷ್ಟು ಆಚೆ ಈಚೆ ಸರಿಸುತ್ತಾ ಮಧ್ಯಾಹ್ನದ ತನಕ ಕಪಾಟಿನ ಮುಂದೆ ಮಂಡಿಯೂರಿ ಕುಳಿತರು. ಜಾಗ ಮತ್ತೆ ಸಿಕ್ಕಿತು.

ಬರೆಯಿರಿ ಅತ್ತೆ. ಬೈದಾದರೂ ಬರೆಯಿರಿ.

ಮೇಘಾ

---

ರಾಣೆಬೆನ್ನೂರು
೧೧ ಏಪ್ರಿಲ್ ೨೦೨೫

ಮೇಘಾ,

ನೀನು ಕೆಲಸ ಬಿಟ್ಟದ್ದಕ್ಕೆ ನನಗೆ ಸಿಟ್ಟಿಲ್ಲ. ಅದು ನಿನ್ನ ಮಾವನಿಗೆ ಸ್ವಲ್ಪ ಇದೆ. ನನ್ನ ಸಿಟ್ಟು ಬೇರೆ.

ನಿನ್ನ ಮೊದಲ ಪತ್ರವನ್ನು ನಾನು ತರಗತಿಯಲ್ಲಿ ಓದಿ ತೋರಿಸಿದ್ದೆ. ನಮ್ಮ ಸೊಸೆಗೆ ನಮ್ಮ ಕೌದಿಯೇ ಬೇಕಂತೆ ಎಂದು ಮಾರಕ್ಕನ ಮುಂದೆ ಮೆರೆದಿದ್ದೆ. ಅವಳ ಮಗಳು ಕಾರು ಒರೆಸಿದಳು, ನನ್ನ ಸೊಸೆ ಸ್ಪೀಕರಿಗೆ ಹೊದಿಸಿದಳು. ಹೆಚ್ಚು ಕಡಿಮೆ ಒಂದೇ ಆಯಿತಲ್ಲ? ಪೆಟ್ಟಿಗೆಗೆ ಬೇಕು ಎಂದು ನೀನು ನೇರವಾಗಿ ಕೇಳಿದ್ದರೂ ನಾನು ಹೊಲಿದುಕೊಡುತ್ತಿದ್ದೆ. ಹೆಮ್ಮೆ ಮಾತ್ರ ಪಡುತ್ತಿರಲಿಲ್ಲ.

ಬರೆಯಬಾರದೆಂದೇ ಇದ್ದೆ. ಆದರೆ ಒಂದು ಸಂಶಯ ತಲೆ ತಿನ್ನತೊಡಗಿತು. ಕೌದಿ ಹೊದಿಸಿದರೆ ಸದ್ದು ನಿಜವಾಗಿ ನಿಲ್ಲುತ್ತದೆಯೇ? ನಿನ್ನ ಮಾವ ಸ್ನಾನಕ್ಕೆ ಹೋದಾಗ ಅವರ ರೇಡಿಯೋ ಹಚ್ಚಿ, ಟ್ರಂಕಿನಲ್ಲಿಟ್ಟು, ಸುತ್ತಲೂ ಮೂರು ಕೌದಿ ತುಂಬಿ ಮುಚ್ಚಳ ಹಾಕಿದೆ. ವಾರ್ತೆ ಕೇಳುತ್ತಲೇ ಇತ್ತು. ಓದುವವರು ಬಾವಿಯೊಳಗೆ ಕುಳಿತ ಹಾಗೆ. ಅವರು ಟವೆಲು ಸುತ್ತಿಕೊಂಡು ಬಂದು "ನನ್ನ ರೇಡಿಯೋ ಎಲ್ಲೈತಿ?" ಎಂದು ಮನೆಯೆಲ್ಲ ಹುಡುಕಿದರು. ದೇವರ ಕೋಣೆಗೂ ಹೋದರು. "ಕೇಳಸ್ತೈತಿ, ಆದ್ರ ಕಾಣವಲ್ದು" ಎಂದು ಗಾಬರಿಯಾಗಿ ನನ್ನ ಮುಖ ನೋಡಿದರು. ನಾನು ಟ್ರಂಕಿನ ಮೇಲೆ ಕುಳಿತಿದ್ದೆ. ನಗು ತಡೆಯಲಾಗಲಿಲ್ಲ. ನಕ್ಕ ಮೇಲೆ ನಿನ್ನ ಮೇಲಿನ ಸಿಟ್ಟು ಹಿಡಿದುಕೊಳ್ಳುವುದು ಕಷ್ಟವಾಯಿತು.

ಈಗ ಒಂದೇ ಪ್ರಶ್ನೆ. ನಮ್ಮ ಕೌದಿ ಕೆಲಸಕ್ಕೆ ಬಂದವೋ ಇಲ್ಲವೋ? ನನ್ನ ಮನಸ್ಸು ನೋಯಬಾರದೆಂದು ಬರೆಯಬೇಡ. ಇದ್ದದ್ದು ಬರೆ.

ಸಿದ್ದಮ್ಮ

---

ಮಾಕಳಿ
೨೦ ಏಪ್ರಿಲ್ ೨೦೨೫

ಪ್ರೀತಿಯ ಅತ್ತೆಯವರಿಗೆ,

ಇದ್ದದ್ದು ಬರೆಯುತ್ತೇನೆ. ಅರ್ಧ ಬಂದವು.

ಕೃಷ್ಣಸ್ವಾಮಿಯವರ ಡಬ್ಬಗಳನ್ನು ಕೌದಿ ನಿಲ್ಲಿಸಲಿಲ್ಲ. ಐದು ಹೊದಿಸಿದರೂ ಅವು ಕುಣಿಯುತ್ತಲೇ ಇದ್ದವು. ದಪ್ಪ ಸದ್ದು ಬಟ್ಟೆಗೆ ಹೆದರುವುದಿಲ್ಲ, ನೆಲದೊಳಗೆ ಇಳಿದು ಹೋಗುತ್ತದೆ. ಇದು ನನಗೆ ಮೊದಲೇ ಹೊಳೆಯಬೇಕಿತ್ತು. ಹೊಳೆಯದೆ ನಿಮ್ಮಿಂದ ಇನ್ನೆರಡು ತರಿಸಿದೆ. ಆಮೇಲೆ ಪೀಣ್ಯದ ಪಂಕ್ಚರ್ ಅಂಗಡಿಯಿಂದ ಸ್ಕೂಟರಿನ ಟ್ಯೂಬು ತಂದು, ಸ್ವಲ್ಪ ಗಾಳಿ ತುಂಬಿ, ಅದರ ಮೇಲೆ ಹಲಗೆ ಇಟ್ಟು ಸ್ಪೀಕರ್ ಕೂರಿಸಿದೆ. ಕಪಾಟಿನ ಬಾಗಿಲಿಗೆ ಒಳಗಿನಿಂದ ಜಿಪ್ಸಮ್ ಹಲಗೆ ಎರಡು ಪದರ ಹೊಡೆಸಿದೆ. ಡಬ್ಬಗಳು ನಿಂತವು.

ಆದರೆ ಕಪಾಟು ಎಂದರೆ ಬರೀ ಪೆಟ್ಟಿಗೆ. ಒಳಗೆ ಸದ್ದು ಗೋಡೆಗೆ ಬಡಿದು ಬಡಿದು ವಾಪಸು ಬಂದು, ಖಾಲಿ ಡ್ರಮ್ಮಿನಲ್ಲಿ ಮಾತಾಡಿದ ಹಾಗೆ ಕೇಳುತ್ತಿತ್ತು. ಆ ಟೊಳ್ಳನ್ನು ತೆಗೆದದ್ದು ಕೌದಿ. ಒಮ್ಮೆ ಎಲ್ಲವನ್ನೂ ಹೊರತೆಗೆದು ಬಾರಿಸಿ ನೋಡಿದೆ. ತಡೆಯಲಾಗದೆ ಮತ್ತೆ ಹಾಕಿದೆ. ಭಾರವಾದ ಚನ್ನಕ್ಕನದು ಹಿಂದೆ, ಹಸಿರು ಅಂಚಿನ ನಿಮ್ಮದು ಮೈಕಿನ ಪಕ್ಕ.

ಈಗ ಇನ್ನೊಂದು ತಮಾಷೆ. ಡಬ್ಬ ನಿಂತ ಮೂರನೇ ದಿನ ಕೃಷ್ಣಸ್ವಾಮಿಯವರು ಬಾಗಿಲು ಬಡಿದರು. ಮುಖ ಸಪ್ಪಗಿತ್ತು. "ಏನಮ್ಮಾ, ಬಿಟ್ಬಿಟ್ಯಾ? ನಾನ್ ಜೋರಾಗಿ ಮಾತಾಡ್ದೆ ಅಂತ ಪಂಕಜ ನನ್ಗೆ ಊಟ ಹಾಕೋವಾಗೆಲ್ಲ ಬೈತಿದಾಳೆ. ಮೀಟಿಂಗಲ್ಲೇನೂ ಇಡಲ್ಲ ಕಣಮ್ಮ, ಬಾರ್ಸು" ಎಂದರು. ನಾನು ಆ ಹೊತ್ತಿಗೆ ಬಾರಿಸುತ್ತಲೇ ಇದ್ದೆ ಎಂದರೆ ನಂಬಲಿಲ್ಲ. ಹೆಡ್‌ಫೋನ್ ಕೊಟ್ಟೆ. ಕೇಳಿದ ಕೂಡಲೇ ಕುರ್ಚಿ ಹಿಡಿದುಕೊಂಡರು.

ಕೆಲಸ ಮುಗಿಯಿತು. ಯಾಮಿನಿ ಒಪ್ಪಿದಳು. ಪ್ರದರ್ಶನದ ದಿನವೂ ನಿಮ್ಮ ತಮ್ಮನ ಮಗಳು ವೇಣಿಯ ಮದುವೆಯ ದಿನವೂ ಒಂದೇ ಆಗಿದೆ. ಅವತ್ತು ನಾನು ಇಲ್ಲಿ ಇರಲೇಬೇಕು. ಈರೇಶ್ ಒಬ್ಬರೇ ಬರುತ್ತಾರೆ. ನಿಮ್ಮ ತಮ್ಮ ಸಿದ್ದರಾಮಪ್ಪನವರಿಗೆ ಬೇಸರವಾಗದ ಹಾಗೆ ಹೇಳಿ. ಒಂದು ಭಾಗವನ್ನು ನಿಮ್ಮ ಫೋನಿಗೆ ಕಳಿಸಿದ್ದೇನೆ. ಮಾವನವರು ಸ್ಪೀಕರ್ ಹಾಕಿದರೆ ಹಾಕಲಿ.

ನಿಮ್ಮ ಸೊಸೆ,
ಮೇಘಾ

---

ರಾಣೆಬೆನ್ನೂರು
೨೦ ಮೇ ೨೦೨೫

ಚಿ. ಸೌ. ಮೇಘಾಳಿಗೆ ಆಶೀರ್ವಾದಗಳು.

ವೇಣಿಯ ಮದುವೆ ಚೆನ್ನಾಗಿ ಆಯಿತು. ಈರೇಶ ನಿನಗೆ ಏನೇನು ಹೇಳಿದ್ದಾನೋ ಗೊತ್ತಿಲ್ಲ. ಅವನು ಅರ್ಧ ಹೇಳುವವನು. ಆದ್ದರಿಂದ ಪೂರ್ತಿ ನಾನು ಬರೆಯುತ್ತೇನೆ.

ನೀನು ಕಳಿಸಿದ್ದನ್ನು ನಾನು ಮೂರು ಸಲ ಕೇಳಿದೆ. ಸುಳ್ಳು ಹೇಳುವುದಿಲ್ಲ, ನನಗೆ ತಿಳಿಯಲಿಲ್ಲ. ಮೊದಲ ಸಲ ಯಾರೋ ತಗಡು ಕೊಯ್ದ ಹಾಗಿತ್ತು. ಮೂರನೆಯ ಸಲ, ನಡುವೆ ಒಂದು ಕಡೆ ಅದು ತನ್ನಷ್ಟಕ್ಕೆ ಕೆಳಗಿಳಿದು ಮೆತ್ತಗಾಗುತ್ತದಲ್ಲ, ಅಲ್ಲಿ ನನ್ನ ಕೈಯ ಸೂಜಿ ನಿಂತಿತು. ಇಷ್ಟೇ.

ಮದುವೆಯಲ್ಲಿ ಊಟದ ಪಂಕ್ತಿಗೆ ಕಾಯುತ್ತಾ ಹೆಂಗಸರೆಲ್ಲ ಕುಳಿತಿದ್ದೆವು. ಸಿದ್ದರಾಮಪ್ಪನ ಹೊಸ ಬೀಗಿತಿ ಕೇಳಿದಳು. "ನಿಮ್ಮ ಸೊಸಿ ಬರಲಿಲ್ಲೇನ್ರಿ? ಕೆಲಸ ಬಿಟ್ಟಾಳಂತ?"

"ಹೂಂ."

"ಈಗ ಏನ್ ಮಾಡ್ತಾಳ?"

"ಗಿಟಾರ್ ಬಾರಸ್ತಾಳ."

ಎಲ್ಲರೂ ನನ್ನ ಕಡೆ ತಿರುಗಿದರು. "ಮಂದಿ ಮುಂದ?" ಎಂದಳು.

ನಿನ್ನನ್ನು ಉಳಿಸಿದೆ ಎಂದುಕೊಂಡು ಹೇಳಿದೆ, "ಇಲ್ಲವ್ವ, ಮನ್ಯಾಗ. ಕಪಾಟಿನಾಗ ಇಟ್ಟು ಬಾಗಲಾ ಹಾಕ್ತಾಳ. ಹೊರಗ ಒಂದ್ ಚೂರೂ ಕೇಳಂಗಿಲ್ಲ."

"ಹಂಗಾದ್ರ ಛಲೋ ಆತ ಬಿಡ್ರಿ. ಮನಿ ಹೆಣ್ಮಕ್ಕಳ ಸಪ್ಪಳ ಹೊರಗ ಕೇಳಬಾರ್ದು" ಎಂದಳು. ಕುಳಿತವರೆಲ್ಲ ಹೌದು ಹೌದು ಎಂದು ತಲೆಯಾಡಿಸಿದರು. ಮಾರಕ್ಕ ಕೂಡ.

ನಾನೂ ತಲೆಯಾಡಿಸುತ್ತಿದ್ದೆ, ಮೇಘಾ. ಅದು ಗೊತ್ತಾದದ್ದೇ ನನಗೆ ಕುಳಿತಲ್ಲಿ ಕೂರಲಾಗಲಿಲ್ಲ.

ಎದ್ದು ನೇರವಾಗಿ ಸೌಂಡ್ ಬಾಕ್ಸಿನವನ ಹತ್ತಿರ ಹೋದೆ. ಬಸಲಿಂಗ ಎಂದು, ನಮ್ಮ ತರಗತಿಯ ಹಿಂದಿನ ಓಣಿಯವನು. ಶಹನಾಯಿ ಹಚ್ಚಿ ತಾನು ಮೊಬೈಲ್ ನೋಡುತ್ತಿದ್ದ. "ಅದನ್ನ ತಗಿ, ಇದನ್ನ ಹಚ್ಚು" ಎಂದು ನನ್ನ ಫೋನ್ ಕೊಟ್ಟೆ. "ಅಮ್ಮಾರ, ಊಟದ ಹೊತ್ತು" ಎಂದ. "ಊಟ ಬಾಯಿಂದ ಮಾಡ್ತಾರ. ಕಿವಿ ಖಾಲಿ ಅದಾವ" ಎಂದೆ.

ಹಚ್ಚಿದ. ಅಯ್ಯೋ ದೇವರೇ. ಫೋನಿನಲ್ಲಿ ತಗಡು ಕೊಯ್ದ ಹಾಗಿದ್ದದ್ದು ಆ ದೊಡ್ಡ ಬಾಕ್ಸಿನಲ್ಲಿ ಬಂದಾಗ ಪೆಂಡಾಲಿನ ಬಟ್ಟೆ ನಡುಗಿತು. ಅಡಿಗೆಯವರು ಸೌಟು ಹಿಡಿದು ಹೊರಗೆ ಬಂದರು. ಜನರೇಟರ್ ಸುಟ್ಟಿತು ಎಂದು ಯಾರೋ ಓಡಿದರು. ಒಬ್ಬ ಅಜ್ಜ ಎಲೆ ಬಿಟ್ಟು ಎದ್ದರು. ವರನ ಗೆಳೆಯರು ಬಂದು ಕುಣಿಯತೊಡಗಿದರು. ಹಾರದ ಭಾರಕ್ಕೆ ಕುತ್ತಿಗೆ ಬಗ್ಗಿಸಿ ನಿಂತಿದ್ದ ವೇಣಿ ತಲೆ ಎತ್ತಿದಳು. ಈರೇಶ ಹೋಳಿಗೆ ಬಡಿಸುತ್ತಿದ್ದವನು ಯಾರದೋ ಎಲೆಗೆ ಒಂದರ ಮೇಲೊಂದು ಹಾಕುತ್ತಲೇ ಇದ್ದ.

ಬೀಗಿತಿ ಬಂದಳು. "ಏನ್ರಿ ಇದು, ಯಾರ್ದು?"

"ನಮ್ಮ ಸೊಸಿದು" ಎಂದೆ. ಕೇಳಿಸಲಿಲ್ಲ. ಇನ್ನೂ ಹತ್ತಿರ ಹೋಗಿ ಕಿವಿಯಲ್ಲಿ ಕೂಗಿ ಹೇಳಿದೆ.

ಸಿದ್ದರಾಮಪ್ಪ ಕೆಂಪಗಾಗಿ ನಮ್ಮ ಕಡೆ ಬರುತ್ತಿದ್ದ. ಅವನಿಗಿಂತ ಮೊದಲು ನಿನ್ನ ಮಾವ ಬಂದರು. ಕೆಲಸ ಬಿಟ್ಟಳೆಂದು ಎರಡು ತಿಂಗಳು ಮುಖ ಊದಿಸಿಕೊಂಡಿದ್ದ ಮನುಷ್ಯ. ನಿಲ್ಲಿಸಲು ಬಂದರೆಂದೇ ತಿಳಿದು ನಾನು ಬಾಕ್ಸಿನ ಮುಂದೆ ಅಡ್ಡ ನಿಂತೆ. ಅವರು ನನ್ನನ್ನು ದಾಟಿ ಬಸಲಿಂಗನ ಹೆಗಲು ಮುಟ್ಟಿ, "ತಮ್ಮಾ, ಹಿಂದ ಕುಂತವರಿಗೆ ಸರಿಯಾಗಿ ಕೇಳವಲ್ದು. ಸ್ವಲ್ಪ ಜೋರ ಮಾಡಪಾ" ಎಂದರು.

ಬಸಲಿಂಗ ನನ್ನ ಮುಖ ನೋಡಿದ.

"ಮಾಡು" ಎಂದೆ.

ನಿನ್ನ ಅತ್ತೆ,
ಸಿದ್ದಮ್ಮ